ಚಾರ್ಟಿನ ಗೆರೆ ನಂಬಿ ಕಬ್ಬಿನ ಬಿಲ್ ಹಾಕಬಹುದೇ?

ಮುಧೋಳ ತಾಲೂಕಿನ ರನ್ನ ಬೆಳಗಲಿಗೆ ಬಂದ ಮೇಲೆ ನಮ್ಮೂರ 'ಉಸ್ತಾದ್' ಇಲ್ಲಿ 'ಹಜರತ್' ಆದೆ. ಹೆಸರು ಬದಲಾದರೂ ಕೇಳುವ ಪ್ರಶ್ನೆಗಳು ಒಂದೇ. ಒಂದು ದಿನ ಇಶಾ ನಮಾಝ್ ಮುಗಿದ ಮೇಲೆ ಇಪ್ಪತ್ತೆರಡರ ಹುಡುಗನೊಬ್ಬ ಮೊಬೈಲ್ ಹಿಡಿದು ಬಂದ.

"ಹಜರತ್, ಇಲ್ನೋಡ್ರಿ, ಹೆಡ್ ಆ್ಯಂಡ್ ಶೋಲ್ಡರ್ಸ್ ಬಂದೈತಿ. ಇನ್ನ ಬೀಳೂದು ಗ್ಯಾರಂಟಿ. ಹೋದ ರೊಕ್ಕ ಎಲ್ಲಾ ವಾಪಸ್ ಬರ್ತೈತಿ. ಇದು ಹಲಾಲ್ ಐತೇನ್ರಿ?"

ಅಪ್ಪನ ಕಬ್ಬಿನ ಬಿಲ್ಲಿನಿಂದ ತೆಗೆದ 40 ಸಾವಿರ ರೂಪಾಯಿ ಆಪ್ಷನ್ ವ್ಯವಹಾರದಲ್ಲಿ ಹೋಗಿತ್ತು. ಅಪ್ಪನಿಗೆ ಗೊತ್ತಿರಲಿಲ್ಲ. ನಾನು ತಕ್ಷಣ ಉತ್ತರ ಕೊಡಲಿಲ್ಲ. ಗೊತ್ತಿಲ್ಲದೆ ಹಲಾಲ್ ಎನ್ನುವುದೂ ತಪ್ಪು, ಹರಾಮ್ ಎನ್ನುವುದೂ ತಪ್ಪು. ಎರಡು ವಾರ ಸಮಯ ಕೇಳಿ ಓದಲು ಕೂತೆ.

ಈ ಚಾರ್ಟ್ ವಿದ್ಯೆ ಮೊಬೈಲ್ ಆ್ಯಪ್ ಜೊತೆ ಹುಟ್ಟಿದ್ದಲ್ಲ. ಜಪಾನಿನ ಅಕ್ಕಿ ವ್ಯಾಪಾರಿಗಳು 18ನೇ ಶತಮಾನದಲ್ಲೇ ಬೆಲೆಯ ಏರಿಳಿತವನ್ನು ಓದುತ್ತಿದ್ದರು. ಅಮೆರಿಕದಲ್ಲಿ ಚಾರ್ಲ್ಸ್ ಡೌ 19ನೇ ಶತಮಾನದ ಕೊನೆಯಲ್ಲಿ ಷೇರುಪೇಟೆಯ ನಡೆಯ ಬಗ್ಗೆ ಬರೆದರು. 1948ರಲ್ಲಿ ರಾಬರ್ಟ್ ಎಡ್ವರ್ಡ್ಸ್ ಮತ್ತು ಜಾನ್ ಮಗೀ ಬರೆದ ಪುಸ್ತಕವೇ ತಲೆ-ಭುಜ, ತ್ರಿಕೋನ, ಡಬಲ್ ಟಾಪ್ ಮುಂತಾದ ಆಕಾರಗಳನ್ನು ಜಗತ್ತಿಗೆಲ್ಲ ಪರಿಚಯಿಸಿತು.

ಹುಡುಗ ತೋರಿಸಿದ ಆಕಾರ ಹೀಗೆ: ಬೆಲೆ 210ಕ್ಕೆ ಏರಿ 200ಕ್ಕೆ ಇಳಿಯುತ್ತದೆ. ಅದು ಎಡ ಭುಜ. ಮತ್ತೆ 220ಕ್ಕೆ ಏರಿ 200ಕ್ಕೇ ಬರುತ್ತದೆ. ಅದು ತಲೆ. ಮೂರನೇ ಸಲ 210ರಲ್ಲೇ ಸುಸ್ತಾಗುತ್ತದೆ. ಅದು ಬಲ ಭುಜ. ಕೆಳಗಿನ 200ರ ಗೆರೆಗೆ ನೆಕ್‌ಲೈನ್ ಅಂತಾರೆ. ಅದು ಮುರಿದರೆ ಮಾತ್ರ ಆಕಾರ ಪೂರ್ತಿಯಾದಂತೆ. ತಲೆಯಿಂದ ನೆಕ್‌ಲೈನ್‌ಗೆ 20 ರೂಪಾಯಿ ಇರುವುದರಿಂದ, ಕೆಳಗೆ ಇನ್ನೂ 20 ಇಳಿದು 180 ಆಗಬಹುದು ಎಂಬುದು ಲೆಕ್ಕ.

ಹೀಗೆ ಯಾಕಾಗುತ್ತದೆ? ಇದರಲ್ಲಿ ಜಾದೂ ಇಲ್ಲ, ಮನುಷ್ಯರ ನೆನಪಿದೆ. ಹತ್ತಿರದ ಮಹಾಲಿಂಗಪುರ ಬೆಲ್ಲದ ಪೇಟೆಗೆ ಹೆಸರಾದ ಊರು. "ಆವತ್ತಿನ ರೇಟಿಗೇ ಕೊಟ್ಟಬಿಡಬೇಕಿತ್ತು" ಎಂದು ಕೈ ಹಿಸುಕಿಕೊಂಡವನು ಅದೇ ರೇಟು ಮತ್ತೆ ಬಂದಾಗ ಬಿಡುವುದಿಲ್ಲ, ಮಾರುತ್ತಾನೆ. ಷೇರುಪೇಟೆಯಲ್ಲೂ ಅಷ್ಟೇ. ಮೇಲೆ ಕೊಂಡು ಸಿಕ್ಕಿಹಾಕಿಕೊಂಡವರು ಅಸಲು ಬಂದರೆ ಸಾಕು ಎಂದು ಮಾರುತ್ತಾರೆ. ಅಲ್ಲಿ ಏರಿಕೆ ನಿಲ್ಲುತ್ತದೆ.

ಅಂದರೆ ಚಾರ್ಟ್ ಹೇಳುವುದು ನಿನ್ನೆಯ ಆಸೆ, ಭಯಗಳ ಕಥೆ. ನಾಳೆಯ ಗೈಬ್ ಅಲ್ಲ. 200 ಮುರಿದಂತೆ ಮಾಡಿ ಮರುದಿನವೇ 215ಕ್ಕೆ ಹಾರುವುದೂ ಉಂಟು. 'ಗ್ಯಾರಂಟಿ' ಎಂಬ ಮಾತು ಸೇರಿದ ಕ್ಷಣ ವಿದ್ಯೆ ಹೋಗಿ ಜೂಜು ಬಂತು ಎಂದು ತಿಳಿಯಿರಿ. ಸೆಬಿಯ 2024ರ ಅಧ್ಯಯನ ನೋಡಿ: 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್-ಆಪ್ಷನ್ಸ್ ಮಾಡಿದ ವೈಯಕ್ತಿಕ ವ್ಯಾಪಾರಿಗಳಲ್ಲಿ ಶೇ. 93 ಮಂದಿಗೆ ನಷ್ಟ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು.

ಇನ್ನು ದೀನಿನ ಮಾತು. ಜಿದ್ದಾದ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ 1992ರಲ್ಲಿ ಇದನ್ನು ಚರ್ಚಿಸಿದೆ. ಹಲಾಲ್ ವ್ಯವಹಾರದ ಕಂಪೆನಿಯ ಷೇರು ಕೊಳ್ಳಬಹುದು, ಮಾರಬಹುದು. ಆಪ್ಷನ್ ಒಪ್ಪಂದ ಸಲ್ಲದು. ಸೂಚ್ಯಂಕದ ಮೇಲಿನ ವ್ಯವಹಾರ ಜೂಜು. ಕೈಯಲ್ಲಿಲ್ಲದ್ದನ್ನು ಮಾರಬೇಡ ಎಂದು ಪ್ರವಾದಿಯವರು (ಸ.ಅ.) ಹಕೀಮ್ ಬಿನ್ ಹಿಝಾಮ್ (ರ.) ಅವರಿಗೆ ಹೇಳಿದ್ದು ಮದ್ರಸದ ಮಕ್ಕಳಿಗೂ ಗೊತ್ತು. ಹಾಗಾಗಿ ಅದೇ ತಲೆ-ಭುಜ ಇಬ್ಬರಿಗೆ ಎರಡು ರೀತಿ. ಷೇರು ಇದ್ದವನಿಗೆ ಅದು 'ಮಾರಿ ಹೊರಗೆ ಬಾ' ಎಂಬ ಎಚ್ಚರಿಕೆ. ಇಲ್ಲದವನು ಬೀಳುತ್ತದೆಂದು ಮೊದಲೇ ಮಾರಿದರೆ, ತನ್ನದಲ್ಲದ್ದನ್ನು ಮಾರಿದಂತೆ. ಕೊಂಡ ಷೇರು ಡಿಮ್ಯಾಟ್ ಖಾತೆಗೆ ಬಂದ ಮೇಲೆಯೇ ಮಾರುವುದು ಸುರಕ್ಷಿತ ದಾರಿ.

ಎರಡು ವಾರದ ನಂತರ ಹುಡುಗನಿಗೆ ಇದನ್ನೇ ಹೇಳಿದೆ. ಕಲಿಯಲೇಬೇಕಿದ್ದರೆ ಮೊದಲು 50 ಆಕಾರಗಳನ್ನು ನೋಟ್‌ಬುಕ್ಕಿನಲ್ಲಿ ಬರೆ. ಎಷ್ಟು ನಿಜವಾದವು, ಎಷ್ಟು ಸುಳ್ಳಾದವು ನೋಡು. ಹಣ ಹಾಕಿದರೂ ಒಂದು ಸಲಕ್ಕೆ ಬಂಡವಾಳದ ನೂರರಲ್ಲಿ ಒಂದಕ್ಕಿಂತ ಹೆಚ್ಚು ಕಳೆದುಕೊಳ್ಳಬಾರದು. 50 ಸಾವಿರ ಇದ್ದರೆ 500 ರೂಪಾಯಿ. 200ಕ್ಕೆ ಕೊಂಡು 190ಕ್ಕೆ ಇಳಿದರೆ ಮಾರುವುದೆಂದು ನಿಶ್ಚಯಿಸಿದರೆ, 50 ಷೇರು ಮಾತ್ರ. ಸಾಲದ ಹಣ, ಮನೆಯವರ ಹಣ ಮುಟ್ಟಬೇಡ. ಕಳೆದದ್ದನ್ನು ವಾಪಸ್ ತರುತ್ತೇನೆಂಬ ಹಠ ಬೇಡ.

"ಮತ್ತ ಆ 40 ಸಾವಿರ?" ಅಂದ.

"ಮೊದಲು ಅಪ್ಪನಿಗೆ ಹೇಳು. ಅದು ಚಾರ್ಟಿನಿಂದ ಬರಲ್ಲ, ನಿನ್ನ ದುಡಿಮೆಯಿಂದ ಬರಬೇಕು."

ಮುಂದಿನ ಶುಕ್ರವಾರ ಅಪ್ಪ-ಮಗ ಒಟ್ಟಿಗೆ ಜುಮಾಗೆ ಬಂದರು. ಅಪ್ಪನ ಮುಖ ಬಿಗಿದಿತ್ತು. ಆದರೆ ಹೋಗುವಾಗ ಒಂದೇ ಬೈಕಿನಲ್ಲಿ ಹೋದರು. ನನಗೆ ಅಷ್ಟು ಸಾಕಾಯಿತು.

ಮಂಗಳೂರು, ಉಳ್ಳಾಲದಲ್ಲೂ, ಗಲ್ಫಿನ ರೂಮುಗಳಲ್ಲೂ ನಮ್ಮ ಮಕ್ಕಳು ಇದೇ ಗೆರೆಗಳನ್ನು ನೋಡುತ್ತಾ ಕೂತಿದ್ದಾರೆ. ಮನೆಯಲ್ಲೊಮ್ಮೆ ಕೇಳಿ, ಬೈಯದೆ ಕೇಳಿ. ಕವಿ ರನ್ನ ಹುಟ್ಟಿದ್ದು ಈ ಸೀಮೆಯ ಬಳೆಗಾರರ ಮನೆತನದಲ್ಲಿ. ಬಳೆಗಾರನ ವ್ಯಾಪಾರ ಸಣ್ಣದಿರಬಹುದು, ಆದರೆ ಮಾರುವ ಬಳೆ ಅವನ ಕೈಯಲ್ಲೇ ಇರುತ್ತದೆ. ನಮ್ಮ ಮಕ್ಕಳ ವ್ಯಾಪಾರವೂ ಹಾಗಿರಲಿ.