ನಿಮಗಿದು ಗೊತ್ತೆ? ಗುಳೆ ಹೋದ ಚಾಂಪಿಯನ್ ತಂಡ

ಮಕ್ತಲ್, ನಾರಾಯಣಪೇಟೆ, ಗದ್ವಾಲ ಕಡೆಯವರು ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫುಟ್ಬಾಲ್ ನೋಡಲು ಗಚ್ಚಿಬೌಲಿಯ ಬಾಲಯೋಗಿ ಕ್ರೀಡಾಂಗಣಕ್ಕೆ ಹೋದರೆ ಸಾಕಿತ್ತು. ಈಗ ಅಲ್ಲಿ ತವರು ತಂಡವಿಲ್ಲ. 2025ರ ಅಕ್ಟೋಬರ್‌ನಲ್ಲಿ ಹೈದರಾಬಾದ್ ಎಫ್‌ಸಿ ದೆಹಲಿಗೆ ಹೋಗಿ 'ಸ್ಪೋರ್ಟಿಂಗ್ ಕ್ಲಬ್ ದೆಹಲಿ' ಆಯಿತು.

ಈ ತಂಡ ಹುಟ್ಟಿದ್ದೂ ಇನ್ನೊಂದು ಊರಿನ ನಷ್ಟದಿಂದಲೇ. ಹಣಕಾಸಿನ ಮುಗ್ಗಟ್ಟಿನಿಂದ ಎಫ್‌ಸಿ ಪುಣೆ ಸಿಟಿ ಮುಚ್ಚಿದಾಗ, 2019ರ ಆಗಸ್ಟ್‌ನಲ್ಲಿ ಲೀಗ್‌ನ ಆ ಜಾಗ ಹೈದರಾಬಾದ್‌ಗೆ ಸಿಕ್ಕಿತು. ಮೊದಲ ವರ್ಷ ಕಟ್ಟಕಡೆಯ ಸ್ಥಾನ. ಮನೋಲೊ ಮಾರ್ಕೆಜ್ ಕೋಚ್ ಆದ ಮೇಲೆ ಆಟದ ವರಸೆಯೇ ಬದಲಾಯಿತು. 2022ರ ಮಾರ್ಚ್ 20, ಗೋವಾದ ಫತೋರ್ಡಾದಲ್ಲಿ ಫೈನಲ್. ಕೇರಳ ಬ್ಲಾಸ್ಟರ್ಸ್ 1-0 ಮುಂದಿದ್ದಾಗ, 88ನೇ ನಿಮಿಷದಲ್ಲಿ ಸಾಹಿಲ್ ತವೋರಾ ದೂರದಿಂದ ಒದ್ದ ಚೆಂಡು ಬಲೆ ಸೇರಿತು. ಪೆನಾಲ್ಟಿಯಲ್ಲಿ ಗೋಲ್‌ಕೀಪರ್ ಲಕ್ಷ್ಮೀಕಾಂತ ಕಟ್ಟಿಮನಿ ಗೋಡೆಯಂತೆ ನಿಂತರು. 3-1ರಿಂದ ಕಪ್ ಹೈದರಾಬಾದ್‌ಗೆ. ಮುಂದೆ ಆಟಗಾರರ ಸಂಬಳವೇ ಬಾಕಿ ಬಿತ್ತು, ಮಾಲೀಕರು ಬದಲಾದರು.

2019ರಲ್ಲೇ ದೆಹಲಿಯೂ ತನ್ನ ಡೈನಮೋಸ್ ತಂಡವನ್ನು ಒಡಿಶಾಕ್ಕೆ ಬಿಟ್ಟುಕೊಟ್ಟಿತ್ತು!

ಇಂಥ ಅಲೆದಾಟ ಬೇರೆ ದೇಶಗಳಲ್ಲೂ ಇದೆ. ಕೆನಡಾದ ಜೂನಿಯರ್ ಐಸ್ ಹಾಕಿ ತಂಡ 'ಐಸ್' ಇನ್ನೂ ಹೆಚ್ಚು ಅಲೆದಿದೆ: 1996ರಲ್ಲಿ ಎಡ್ಮಂಟನ್, 1998ರಲ್ಲಿ ಕ್ರಾನ್‌ಬ್ರೂಕ್, 2019ರಲ್ಲಿ ವಿನಿಪೆಗ್, 2023ರಲ್ಲಿ ಗಡಿ ದಾಟಿ ಅಮೆರಿಕದ ವೆನಾಚಿ. ಆದರೆ 1950ರಿಂದ 54ರವರೆಗೆ ಸತತ ಐದು ಸಲ ರೋವರ್ಸ್ ಕಪ್ ಫುಟ್ಬಾಲ್ ಟೂರ್ನಿ ಗೆದ್ದ ಹೈದರಾಬಾದ್ ಪೊಲೀಸ್ ತಂಡದ ಊರಿಗೆ ಹೈದರಾಬಾದ್ ಎಫ್‌ಸಿಯ ಅಗಲಿಕೆ ನಿಜಕ್ಕೂ ದೊಡ್ಡ ನಷ್ಟ.