ಚನ್ನಪಟ್ಟಣದ ಗೊಂಬೆ ಮತ್ತು ದೂರದ ಕೊಳ್ಳುಗ: ಆಟಿಕೆಗಳ ಆನ್‌ಲೈನ್ ವ್ಯಾಪಾರದ ವಂಚನೆಯನ್ನು ಕುರಿತು ಕೆಲವು ವಿಚಾರಗಳು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ಊರುಗಳಲ್ಲಿ ಮಕ್ಕಳ ಆಟದ ಸಾಮಾನನ್ನು ಜಾತ್ರೆಯ ಅಂಗಡಿಸಾಲಿನಲ್ಲಿಯೋ ಸಂತೆಬೀದಿಯಲ್ಲಿಯೋ ಕೊಳ್ಳುವ ವಾಡಿಕೆ ಇನ್ನೂ ಅಳಿದಿಲ್ಲ. ಅಲ್ಲಿ ಕೊಳ್ಳುವವನು ಗೊಂಬೆಯನ್ನು ಕೈಯಲ್ಲಿ ಹಿಡಿದು, ಮೂಸಿ, ಉಗುರಿನಿಂದ ಕೆರೆದು ನೋಡಿ, ಚೌಕಾಶಿ ಮಾಡಿ, ಮಾರುವವನ ಮುಖವನ್ನೂ ಒಮ್ಮೆ ದಿಟ್ಟಿಸಿ ಹಣ ಕೊಡುತ್ತಾನೆ. ಫೋನಿನ ಮೂಲಕ ಕೊಳ್ಳುವಾಗ ಇವೆಲ್ಲವೂ ತಪ್ಪಿಹೋಗಿ ಚಿತ್ರ, ಹೆಸರು, ಬೆಲೆ ಎಂಬ ಮೂರು ಮಾತ್ರ ಉಳಿಯುತ್ತವೆ. ವಂಚಕನ ವ್ಯವಹಾರವೆಲ್ಲ ಈ ಮೂರನ್ನು ಹಿಡಿದೇ ನಡೆಯುವುದು. ಚನ್ನಪಟ್ಟಣದ ಅರಗಿನ ಆಟಿಕೆಗಳನ್ನು ನಿದರ್ಶನವಾಗಿ ಇಟ್ಟುಕೊಂಡು ಈ ವಂಚನೆಯ ಬಗೆಯನ್ನು ಇಲ್ಲಿ ವಿವೇಚಿಸಲು ಯತ್ನಿಸಿದ್ದೇವೆ. ನಮ್ಮ ಅಭಿಪ್ರಾಯ ಇಷ್ಟೆ: ಗೊಂಬೆಯನ್ನು ಅದರ ಊರಿನಿಂದಲೂ ಮಾಡಿದವನಿಂದಲೂ ಬೇರ್ಪಡಿಸಿದಲ್ಲಿ ಮೋಸಕ್ಕೆ ಎಡೆಯಾಗುತ್ತದೆ, ಆದಕಾರಣ ಹಣ ತೆರುವ ಮುನ್ನ ಆ ಸಂಬಂಧವನ್ನು ಮತ್ತೆ ಕೂಡಿಸಿ ನೋಡತಕ್ಕದ್ದು.

ಮೊದಲು ಹೆಸರಿನ ವಿಚಾರ. ಚನ್ನಪಟ್ಟಣವೂ ಚನ್ನರಾಯಪಟ್ಟಣವೂ ಬೇರೆ ಬೇರೆ ಊರುಗಳೆಂಬುದನ್ನು ಹಾಸನ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಹೊಳೆನರಸೀಪುರದ ನಾಯಕರ ಕಾಲದಲ್ಲಿ ಕೊಳತೂರೆಂಬ ಹಳೆಯ ಹೆಸರನ್ನು ಬಿಟ್ಟು ಈಗಿನ ಹೆಸರನ್ನು ಪಡೆದ ಚನ್ನರಾಯಪಟ್ಟಣವು ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿದೆ. ಗೊಂಬೆಯ ಊರಾದ ಚನ್ನಪಟ್ಟಣವಾದರೋ ಬೆಂಗಳೂರು–ಮೈಸೂರು ರಸ್ತೆಯಲ್ಲಿ, ಬೆಂಗಳೂರಿನಿಂದ ಸುಮಾರು ೬೦ ಕಿಲೋಮೀಟರು ದೂರದಲ್ಲಿದೆ. ಆದರೆ ಎಲ್ಲಿಯೋ ಕುಳಿತು ಜಾಹೀರಾತನ್ನು ಹೊಸೆಯುವವನಿಗೆ ಈ ಭೇದ ಬೇಕಾಗಿಲ್ಲ; ಹೆಸರು ಕಿವಿಗೆ ಪರಿಚಿತವಾಗಿ ಕೇಳಿಸಿದರೆ ಅವನಿಗೆ ಸಾಕು. ಇಂಥಲ್ಲಿ ಅಂಚೆಯ ಪಿನ್ ಸಂಖ್ಯೆ ಉಪಕಾರಕ್ಕೆ ಬರುತ್ತದೆ. ಚನ್ನಪಟ್ಟಣದ ಸಂಖ್ಯೆ ೫೬೨೧೬೦; ಹಾಸನದ್ದು ೫೭೩೨೦೧, ಚನ್ನರಾಯಪಟ್ಟಣದ್ದು ೫೭೩೧೧೬. ಚನ್ನಪಟ್ಟಣದ ಕುಶಲಕರ್ಮಿಯಿಂದ ನೇರವಾಗಿ ಬರುವ ಗೊಂಬೆಯೆಂದು ಸಾರುವ ಮಾರಾಟಗಾರನು ಕೊಟ್ಟ ವಿಳಾಸದಲ್ಲಿ ಊರು ಒಂದು, ಪಿನ್ ಇನ್ನೊಂದು ಆಗಿದ್ದರೆ, ಅಥವಾ ವಿಳಾಸವೇ ಇಲ್ಲದಿದ್ದರೆ, ಅಲ್ಲಿಗೆ ನಿಲ್ಲುವುದು ಲೇಸು. ಬೇರೆ ಊರಿನ ವ್ಯಾಪಾರಿ ಚನ್ನಪಟ್ಟಣದ ಸರಕನ್ನು ತರಿಸಿ ಮಾರುವುದರಲ್ಲಿ ತಪ್ಪೇನೂ ಇಲ್ಲ. ಅವನು ಅದನ್ನು ಹಾಗೆಂದೇ ಹೇಳಬೇಕು, ಅಷ್ಟೆ.

ಈ ಹೆಸರಿಗೆ ಕಾನೂನಿನ ಬೆಂಬಲವೂ ಉಂಟು. ೧೯೯೯ರಲ್ಲಿ ರಚಿತವಾಗಿ ೨೦೦೩ರಲ್ಲಿ ಜಾರಿಗೆ ಬಂದ ಭೌಗೋಳಿಕ ಸೂಚಕಗಳ ಅಧಿನಿಯಮದ ಮೇರೆಗೆ ಚನ್ನಪಟ್ಟಣದ ಆಟಿಕೆ ಮತ್ತು ಗೊಂಬೆಗಳು ನೋಂದಣಿಯನ್ನು ಪಡೆದಿವೆ. ಆದಕಾರಣ ಬೇರೆ ಕಡೆಯಲ್ಲಿ ತಯಾರಾದ ಆಟಿಕೆಗೆ ಆ ಹೆಸರನ್ನು ಅಂಟಿಸಿ ಮಾರುವುದು ಕಾನೂನಿಗೆ ವಿರುದ್ಧ. ಆದರೆ ಸೂಚಕದ ಮುದ್ರೆಯನ್ನು ಚಿತ್ರದಲ್ಲಿ ಕಂಡ ಮಾತ್ರಕ್ಕೆ ನಂಬಲಾಗದು. ಗೊಂಬೆಯ ಚಿತ್ರವನ್ನು ಕದಿಯಬಲ್ಲವನು ಮುದ್ರೆಯ ಚಿತ್ರವನ್ನೂ ಕದಿಯಬಲ್ಲನು.

ಚಿತ್ರವನ್ನು ಓದುವುದಕ್ಕೆ ಕಸುಬಿನ ತಿಳಿವಳಿಕೆ ಸ್ವಲ್ಪ ಬೇಕು. ಚನ್ನಪಟ್ಟಣದ ಸಾಂಪ್ರದಾಯಿಕ ಆಟಿಕೆಗೆ ಆಲೆ ಅಥವಾ ಹಾಲೆ ಎಂದು ಕರೆಯುವ ಬಿಳಿಯ, ನುಣುಪಾದ ಮರವನ್ನು ಬಳಸುತ್ತಾರೆ. ಒಣಗಿದ ಮರದ ತುಂಡನ್ನು ಲೇತಿಗೆ ಕೊಟ್ಟು ತಿರುಗಿಸುತ್ತ ಉಳಿಯಿಂದ ಕಡೆಯುತ್ತಾರೆ. ಆಮೇಲೆ, ತಿರುಗುತ್ತಿರುವ ಮರಕ್ಕೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿಕೆಯಿಂದ ಹುಟ್ಟಿದ ಕಾವಿಗೆ ಅರಗು ಕರಗಿ ಮರವನ್ನು ಆವರಿಸುತ್ತದೆ. ಕೊನೆಯಲ್ಲಿ ಒಣಗಿದ ಗರಿಯಿಂದ ಉಜ್ಜಿ ಹೊಳಪು ಕೊಡುತ್ತಾರೆ. ಈ ಕ್ರಮದಿಂದ ಎರಡು ಸಂಗತಿಗಳು ಸಿದ್ಧವಾಗುತ್ತವೆ. ಒಂದು, ಕಡೆದ ಆಟಿಕೆಯ ಭಾಗಗಳು ಬಹುಮಟ್ಟಿಗೆ ಗುಂಡಗಿರುತ್ತವೆ, ಬಣ್ಣವು ಮರವನ್ನು ಸುತ್ತುವರಿದ ಪಟ್ಟೆಗಳಾಗಿ ಬರುತ್ತದೆ. ಚಪ್ಪಟೆಯ ಹಲಗೆಯನ್ನು ಕತ್ತರಿಸಿ ಮೇಲೆ ಚಿತ್ರವನ್ನು ಅಚ್ಚೊತ್ತಿದ ಆಟಿಕೆ ಎಷ್ಟೇ ಚೆಲುವಾಗಿದ್ದರೂ ಈ ಕಸುಬಿನ ಫಲವಲ್ಲ. ಎರಡು, ಅರಗಿನ ಬಣ್ಣ ಮದ್ಯಸಾರಕ್ಕೆ ಕರಗುತ್ತದೆ. ಸರಕು ಕೈಸೇರಿದ ಮೇಲೆ ಗೊಂಬೆಯ ಅಡಿಭಾಗವನ್ನು ಸ್ಪಿರಿಟಿನಲ್ಲಿ ಅದ್ದಿದ ಬಟ್ಟೆಯಿಂದ ಒಂದಿಷ್ಟು ಉಜ್ಜಿ ನೋಡಿದರೆ ಅರಗಾದರೆ ಮೆದುವಾಗಿ ಅಂಟಂಟಾಗುವುದು. ಗಟ್ಟಿಯಾಗಿ ಒಣಗಿದ ಎಣ್ಣೆಬಣ್ಣಕ್ಕೆ ಅಷ್ಟು ಬೇಗ ಏನೂ ಆಗದು. (ರಸಾಯನಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಹೊಸದಲ್ಲ, ಪ್ರಯೋಗವನ್ನು ಮಗುವಿನ ಕಣ್ಣೆದುರಿಗೆ ಮಾತ್ರ ಮಾಡಬಾರದು.) ‘ಸಸ್ಯವರ್ಣ’ ಎಂಬ ಮಾತನ್ನು ಜಾಹೀರಾತುಗಳು ಧಾರಾಳವಾಗಿ ಬಳಸುತ್ತವೆ. ಅರಿಸಿನ, ನೀಲಿ ಮೊದಲಾದವುಗಳನ್ನು ಬಳಸುವ ಕುಶಲಕರ್ಮಿಗಳಿರುವುದು ನಿಜ. ಎಲ್ಲರೂ ಅವನ್ನೇ ಬಳಸುತ್ತಾರೆಂಬುದು ನಿಜವಲ್ಲ.

ಇಲ್ಲಿ ಹಣದ ನಷ್ಟಕ್ಕಿಂತ ಗಂಭೀರವಾದ ವಿಷಯವೊಂದಿದೆ. ಎಳೆಯ ಮಗು ಆಟಿಕೆಯನ್ನು ನೋಡುವುದಕ್ಕೆ ಮುಂಚೆ ಬಾಯಿಗೆ ಇಡುತ್ತದೆ. ಬಣ್ಣದಲ್ಲಿ ಸೀಸವಿದ್ದರೆ, ಅಥವಾ ಕಿತ್ತುಬರುವ ಗುಂಡಿಯೋ ಗಾಲಿಯೋ ಗಂಟಲಿಗೆ ಸಿಕ್ಕಿದರೆ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ. ಈ ಕಾರಣದಿಂದಲೇ ಕೇಂದ್ರ ಸರ್ಕಾರವು ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶವನ್ನು ೨೦೨೦ರಲ್ಲಿ ಹೊರಡಿಸಿತು. ಅದು ೨೦೨೧ರ ಜನವರಿ ೧ರಿಂದ ಜಾರಿಗೆ ಬಂದಿತು. ಇದರಂತೆ ವಿದ್ಯುತ್ತಿನ ಸಂಪರ್ಕವಿಲ್ಲದ ಆಟಿಕೆಗಳು ಐ.ಎಸ್. ೯೮೭೩ ಎಂಬ ಮಾನಕಕ್ಕೂ ವಿದ್ಯುತ್ತಿನಿಂದ ನಡೆಯುವವು ಐ.ಎಸ್. ೧೫೬೪೪ ಎಂಬ ಮಾನಕಕ್ಕೂ ಹೊಂದಿಕೊಂಡು ಐ.ಎಸ್.ಐ. ಗುರುತನ್ನು ಪಡೆದಿರಬೇಕು. ಬರಿಯ ಗುರುತು ಸಾಲದು. ಅದರೊಡನೆ ಮಾನಕದ ಸಂಖ್ಯೆಯೂ ‘ಸಿಎಂ/ಎಲ್’ ಎಂದು ಮೊದಲಾಗುವ ಪರವಾನಗಿಯ ಸಂಖ್ಯೆಯೂ ಇರಬೇಕು. ಭಾರತೀಯ ಮಾನಕ ಬ್ಯೂರೋದ ‘ಬಿಐಎಸ್ ಕೇರ್’ ಎಂಬ ಫೋನಿನ ಸಾಧನದಲ್ಲಿ ಆ ಸಂಖ್ಯೆಯನ್ನು ಬರೆದರೆ ಪರವಾನಗಿ ಯಾರದು, ಯಾವ ಸರಕಿನದು ಎಂಬುದು ತಿಳಿಯುತ್ತದೆ. ಇದಕ್ಕೆ ಎರಡು ನಿಮಿಷ ಸಾಕು.

ಆದರೆ ಇಲ್ಲೊಂದು ತೊಡಕಿದೆ, ಅದನ್ನು ಬಹುಮಂದಿ ಗಮನಿಸುವುದಿಲ್ಲ. ೨೦೨೦ರ ಡಿಸೆಂಬರಿನ ತಿದ್ದುಪಡಿಯು ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿತರಾದ ಕುಶಲಕರ್ಮಿಗಳು ತಯಾರಿಸಿ ಮಾರುವ ಆಟಿಕೆಗಳಿಗೂ, ಭೌಗೋಳಿಕ ಸೂಚಕದ ಅಧಿಕೃತ ಬಳಕೆದಾರರು ತಯಾರಿಸಿ ಮಾರುವ ಆಟಿಕೆಗಳಿಗೂ ವಿನಾಯಿತಿಯನ್ನು ಕೊಟ್ಟಿದೆ. ಆದಕಾರಣ ನಿಜವಾದ ಚನ್ನಪಟ್ಟಣದ ಗೊಂಬೆಯ ಮೇಲೆ ಐ.ಎಸ್.ಐ. ಗುರುತು ಇಲ್ಲದಿರುವುದು ಸಾಧ್ಯ. ಗುರುತಿಲ್ಲವೆಂದು ಕುಶಲಕರ್ಮಿಯನ್ನು ಕಳ್ಳನೆನ್ನುವುದು ಅನ್ಯಾಯ. ವಂಚಕನು ಈ ವಿನಾಯಿತಿಯನ್ನೇ ಗುರಾಣಿಯಾಗಿ ಹಿಡಿದು, ‘ಇದು ಕೈಕಸುಬು, ಗುರುತು ಬೇಕಾಗಿಲ್ಲ’ ಎನ್ನಬಹುದು. ಅಂಥ ಸಂದರ್ಭದಲ್ಲಿ ಕೇಳತಕ್ಕ ಪ್ರಶ್ನೆ ಒಂದೇ: ಕುಶಲಕರ್ಮಿಯ ಅಥವಾ ಅಧಿಕೃತ ಬಳಕೆದಾರನ ನೋಂದಣಿ ಯಾವುದು? ನಿಜವಾದ ಕಸುಬುದಾರನು ಉತ್ತರ ಕೊಡುತ್ತಾನೆ. ಸಂದೇಹ ತೀರದಿದ್ದರೆ ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮದ ‘ಕಾವೇರಿ’ ಮಳಿಗೆಯಂತಹ ಗೊತ್ತಾದ ಕಡೆಯಲ್ಲಿ ಕೊಳ್ಳಬಹುದು.

ಮಾರುವವನು ಯಾರೆಂದು ತಿಳಿಯುವುದು ಕೊಳ್ಳುವವನ ಹಕ್ಕೇ ಆಗಿದೆ. ೨೦೨೦ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು ಮಾರಾಟಗಾರನ ಹೆಸರು, ವಿಳಾಸ, ದೂರನ್ನು ಕೇಳುವ ಅಧಿಕಾರಿಯ ವಿವರ ಇವುಗಳನ್ನು ಪ್ರಕಟಿಸಬೇಕೆಂದು ವಿಧಿಸಿವೆ. ದೂರು ಬಂದುದನ್ನು ೪೮ ಗಂಟೆಗಳೊಳಗೆ ಒಪ್ಪಿಕೊಂಡು ಒಂದು ತಿಂಗಳಲ್ಲಿ ಪರಿಹರಿಸಬೇಕೆಂಬ ಕಟ್ಟಳೆಯೂ ಇದೆ. ಬರಿಯ ವಾಟ್ಸಾಪ್ ಸಂಖ್ಯೆಯನ್ನು ಕೊಟ್ಟು ವಿಳಾಸವನ್ನು ಮರೆಸುವ ಅಂಗಡಿ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗದು. ಜಾಲತಾಣದ ವಿಳಾಸದ ಪಕ್ಕದಲ್ಲಿ ಕಾಣುವ ಬೀಗದ ಚಿತ್ರವನ್ನು ಕೆಲವರು ಪ್ರಾಮಾಣಿಕತೆಯ ಗುರುತೆಂದು ತಿಳಿದಿದ್ದಾರೆ. ನಮ್ಮ ಫೋನಿಗೂ ಆ ತಾಣಕ್ಕೂ ನಡುವಣ ಮಾತನ್ನು ಮೂರನೆಯವನು ಕದ್ದು ಓದಲಾರನೆಂಬುದಷ್ಟೆ ಅದರ ಅರ್ಥ. ಆ ಕಡೆ ಕುಳಿತವನೇ ಕಳ್ಳನಾದರೆ ಬೀಗವೇನು ಮಾಡೀತು?

ಬೆಲೆಯ ಆಮಿಷವನ್ನು ಕುರಿತು ಹೆಚ್ಚು ಬರೆಯುವ ಅಗತ್ಯವಿಲ್ಲ. ನವರಾತ್ರಿಯಲ್ಲಿ ಬೊಂಬೆ ಕೂರಿಸುವ ಮನೆಗಳಲ್ಲಿ ಹೊಸ ಬೊಂಬೆ ಬೇಕೆನ್ನಿಸುವ ವಾರಗಳಲ್ಲಿ, ಸಾವಿರ ರೂಪಾಯಿಯ ಜೋಡಿಯನ್ನು ನೂರು ರೂಪಾಯಿಗೆ, ಅದೂ ಇಂದು ಸಂಜೆಯೊಳಗೆ ಮಾತ್ರ ಎಂದು ಹೇಳುವವನು ನಮಗೆ ಯೋಚಿಸಲು ಹೊತ್ತು ಕೊಡಬಾರದೆಂದೇ ಹೇಳುತ್ತಾನೆ. ಹಣ ಸಂದಾಯದ ಕ್ರಮದಲ್ಲಿ ಮಾತ್ರ ಎಚ್ಚರ ಅತ್ಯಗತ್ಯ. ಸರಕು ಬಂದ ಮೇಲೆ ಹಣ ಕೊಡುವ ವ್ಯವಸ್ಥೆಯೂ ಪೂರ್ಣ ರಕ್ಷಣೆಯಲ್ಲ, ಏಕೆಂದರೆ ಸಾಮಾನ್ಯವಾಗಿ ಹಣ ಕೊಟ್ಟ ಮೇಲೆಯೇ ಪೊಟ್ಟಣ ಬಿಚ್ಚುವುದು. ಇನ್ನು ‘ಹಣ ಹಿಂದಿರುಗಿಸುತ್ತೇವೆ, ಈ ಕ್ಯೂಆರ್ ಚಿತ್ರವನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿರಿ’ ಎನ್ನುವುದು ಶುದ್ಧ ವಂಚನೆ. ಯುಪಿಐ ಪಿನ್ ಇರುವುದು ಹಣ ಕಳುಹಿಸುವುದಕ್ಕೆ. ಪಡೆಯುವುದಕ್ಕೆ ಅದು ಬೇಕಾಗುವುದೇ ಇಲ್ಲ. ಒಮ್ಮೆ ನೂರು ರೂಪಾಯಿ ಕಳೆದುಕೊಂಡವನು ಅದನ್ನು ಹಿಂಪಡೆಯಲು ಹೋಗಿ, ಹುಡುಕಿದಾಗ ಸಿಕ್ಕಿದ ‘ಗ್ರಾಹಕ ಸೇವೆ’ಯ ನಕಲಿ ಸಂಖ್ಯೆಗೆ ಕರೆಮಾಡಿ ಇಡೀ ಖಾತೆಯನ್ನೇ ಬರಿದುಮಾಡಿಕೊಳ್ಳುವುದು ಈ ಮಾರ್ಗದಲ್ಲಿಯೇ.

ಹಣ ಹೋದದ್ದು ತಿಳಿದೊಡನೆ ೧೯೩೦ ಎಂಬ ಸಂಖ್ಯೆಗೆ ಕರೆಮಾಡಬೇಕು. ವಂಚಕನು ಹಣವನ್ನು ಖಾತೆಯಿಂದ ಖಾತೆಗೆ ಸಾಗಿಸಿ ತೆಗೆದುಕೊಳ್ಳುವ ಮುನ್ನ ಅದನ್ನು ನಡುದಾರಿಯಲ್ಲಿ ತಡೆಯುವುದೇ ಈ ವ್ಯವಸ್ಥೆಯ ಉದ್ದೇಶ. ಆದಕಾರಣ ಮೊದಲ ಗಂಟೆಗಿರುವ ಬೆಲೆ ಮರುದಿನಕ್ಕಿಲ್ಲ. ಹಾಸನದ ಸೈಬರ್ ಅಪರಾಧದ ಸಿಇಎನ್ ಠಾಣೆಯಲ್ಲಿಯೂ ದೂರು ಕೊಡಬಹುದು. ಮಾರಿದವನು ಗೊತ್ತಿದ್ದು ಸರಕು ಮಾತ್ರ ಕಳಪೆಯಾಗಿದ್ದರೆ ಅದು ಬೇರೆಯ ದಾರಿ: ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ೧೯೧೫, ಅಲ್ಲಿ ತೀರದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ೨೦೧೯ರ ಅಧಿನಿಯಮದ ಬಲದಿಂದ ಕೊಂಡವನು ತಾನು ವಾಸಿಸುವ ಸ್ಥಳದಲ್ಲಿಯೇ ದಾವೆ ಹೂಡಬಹುದು. ಮಾರಿದವನು ದೆಹಲಿಯಲ್ಲಿದ್ದರೂ ಅರಕಲಗೂಡಿನವನು ಹಾಸನಕ್ಕೆ ಹೋದರೆ ಸಾಕು. ಐದು ಲಕ್ಷ ರೂಪಾಯಿಯವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ಕಾಲಾವಧಿ ಎರಡು ವರ್ಷ. ಆದರೆ ಆಯೋಗದ ಮುಂದೆ ಪುರಾವೆ ಬೇಕು. ಗೊಂಬೆ ಮಗುವಿನ ಕೈಸೇರಿ ಹೊದಿಕೆ ಒಲೆಗೆ ಬೀಳುವ ಮುನ್ನ ಪೊಟ್ಟಣವನ್ನು ಬಿಚ್ಚುವ ದೃಶ್ಯವನ್ನು ಫೋನಿನಲ್ಲಿ ಹಿಡಿದಿಟ್ಟು, ಕಳುಹಿಸಿದವನ ಹೆಸರು ಮತ್ತು ಪಿನ್ ಸಂಖ್ಯೆ ಇರುವ ಚೀಟಿಯನ್ನು ಕತ್ತರಿಸಿ, ಹಣ ಸಂದ ರಸೀದಿಯೊಡನೆ ಒಂದು ಲಕೋಟೆಯಲ್ಲಿ ತೆಗೆದಿಡತಕ್ಕದ್ದು.