ಏಳು ಪಿನ್ನಿಗೆ ಹಿಡಿದ ಕಿಲುಬು

ಮುಸ್ಸಂಜೆಯಲ್ಲಿ ಟ್ರ್ಯಾಕ್ಟರ್ ಟ್ರೇಲರಿನ ಹಿಂದೆ ಗಾಡಿ ಓಡಿಸುವವರಿಗೆ ಒಮ್ಮೊಮ್ಮೆ ವಿಚಿತ್ರವೊಂದು ಕಾಣುತ್ತದೆ. ಚಾಲಕ ಬ್ರೇಕ್ ತುಳಿದರೆ ಕೆಂಪು ದೀಪ ಸರಿಯಾಗಿ ಹತ್ತುವುದಿಲ್ಲ, ಬದಲಿಗೆ ಎರಡೂ ಬದಿಯ ಇಂಡಿಕೇಟರುಗಳು ಮಂಕಾಗಿ ಕಣ್ಣು ಬಿಡುತ್ತವೆ. ಎಡಕ್ಕೆ ಇಂಡಿಕೇಟರ್ ಹಾಕಿದರೆ ಹಿಂದೀಪವೂ ಜೊತೆಗೇ ಮಿಣುಕುತ್ತದೆ. ಬಲ್ಬು ಬದಲಿಸಿ ಫಲವಿಲ್ಲ. ಕೆಟ್ಟಿರುವುದು ಕರೆಂಟು ವಾಪಸು ಹೋಗುವ ದಾರಿ.

ಟ್ರೇಲರಿಗೆ ವಿದ್ಯುತ್ ಸಾಗಿಸುವ ಪ್ಲಗ್ಗಿನಲ್ಲಿ ಸಾಮಾನ್ಯವಾಗಿ ಏಳು ಪಿನ್ನುಗಳಿರುತ್ತವೆ. ಆರು ಪಿನ್ನುಗಳು ಕರೆಂಟನ್ನು ಒಂದೊಂದು ದೀಪಕ್ಕೆ ಒಯ್ದರೆ, ಅಷ್ಟನ್ನೂ ಹಿಂದಕ್ಕೆ ತರುವುದು ಒಂದೇ ಒಂದು ಅರ್ತ್ ಪಿನ್ನು. 12 ವೋಲ್ಟಿನ ಅಂತರರಾಷ್ಟ್ರೀಯ ಮಾದರಿಯಲ್ಲಿ ಅದು ಮೂರನೆಯದು, ಬಿಳಿ ತಂತಿಯದು. ಅದು ಕಟ್ಟಿಕೊಂಡರೆ ಬ್ರೇಕ್ ದೀಪದ ಕರೆಂಟು ಪಕ್ಕದ ಬಲ್ಬಿನೊಳಗೆ ನುಗ್ಗಿ, ಟ್ರ್ಯಾಕ್ಟರಿನ ಮುಂದಿನ ಬಲ್ಬುಗಳನ್ನು ಹಾದು ಬ್ಯಾಟರಿ ಸೇರುತ್ತದೆ. ಕೆಲವೊಮ್ಮೆ ಟ್ರೇಲರನ್ನು ಎಳೆಯುವ ಕೊಕ್ಕೆಯೇ ತಂತಿಯ ಕೆಲಸ ಮಾಡುತ್ತದೆ. ಆಗ ಗಾಡಿ ಗುಂಡಿ ಹಾರಿದಾಗಲೆಲ್ಲ ದೀಪ ಆರಿ ಹತ್ತುತ್ತದೆ.

ಕಬ್ಬಿಣಕ್ಕೆ ಹಿಡಿಯುವುದು ತುಕ್ಕು, ತಾಮ್ರ ಹಿತ್ತಾಳೆಗೆ ಹಿಡಿಯುವುದು ಕಿಲುಬು. ಪೂಜೆಯ ತಂಬಿಗೆಯ ಮೇಲಿನ ಹಸಿರು ಕಿಲುಬು ಹುಣಸೆಹಣ್ಣಿಗೆ ಹೋಗುತ್ತದೆ. ಪಿನ್ನಿನ ಮೇಲೆ ಅದು ಕೂತರೆ ಕಥೆಯೇ ಬೇರೆ, ಏಕೆಂದರೆ ಅದರ ಮೂಲಕ ಕರೆಂಟು ಸುಲಭವಾಗಿ ಹರಿಯದು. ಎರಡು ಲೋಹಗಳು ಮೇಲುನೋಟಕ್ಕೆ ಪೂರ್ತಿ ತಾಗಿದಂತಿದ್ದರೂ ನಿಜವಾಗಿ ಮುಟ್ಟುವುದು ಕೆಲವೇ ಸೂಕ್ಷ್ಮ ದಿಬ್ಬಗಳು. ಅವನ್ನು ಕಿಲುಬು ಮುಚ್ಚಿ ಒಂದೇ ಒಂದು ಓಮ್ ತಡೆ ಎದ್ದರೆ 21 ವ್ಯಾಟಿನ ಬ್ರೇಕ್ ಬಲ್ಬು ಒಂದೂವರೆ ವೋಲ್ಟು ಕಳೆದುಕೊಳ್ಳುತ್ತದೆ. ಬೆಳಕು ಅದಕ್ಕಿಂತ ಬಹಳ ಬೇಗ ಕುಗ್ಗಿ, ಮೂರನೇ ಒಂದು ಪಾಲಿಗೂ ಹೆಚ್ಚು ಹೋಗಿಬಿಡುತ್ತದೆ. ಹಿಂದೆ ಬರುವವನ ಜೀವ ಆ ಬೆಳಕನ್ನೇ ನಂಬಿರುತ್ತದೆ.

ತಮಿಳುನಾಡಿನ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಿಗೆ ಕಡಲಿಲ್ಲ, ಉಪ್ಪುಗಾಳಿಯಿಲ್ಲ, ಹಾಗಾಗಿ ಕಿಲುಬಿನ ಕಾಟ ಕಡಿಮೆ ಎಂದು ತೋರಬಹುದು. ಆದರೆ ಪಾಲಕ್ಕಾಡಿನ ಕಣಿವೆ ಪಶ್ಚಿಮಘಟ್ಟದಲ್ಲಿ ಬಾಗಿಲು ತೆರೆದಿಟ್ಟು ತೇವದ ಗಾಳಿಯನ್ನು ಒಳಗೆ ಬಿಡುತ್ತದೆ. ಉಪ್ಪನ್ನು ಉದ್ಯಮವೇ ತರುತ್ತದೆ. ತಿರುಪ್ಪೂರಿನಲ್ಲಿ ಹತ್ತಿ ಬಟ್ಟೆಗೆ ಬಣ್ಣ ಹಿಡಿಸಲು ಉಪ್ಪು ಬೇಕು. ಆ ಉಪ್ಪು ಬೆರೆತ ನೀರು ನೊಯ್ಯಲ್ ನದಿಗಿಳಿದು, 1992ರಲ್ಲಿ ಕಟ್ಟಿದ ಒರತ್ತುಪಾಳಯಂ ಅಣೆಕಟ್ಟೆಯ ನೀರನ್ನೇ ಬೇಸಾಯಕ್ಕೆ ಬಾರದಂತೆ ಮಾಡಿತು. ಇಂಥ ಉಪ್ಪು ಹೊರುವ ಗಾಡಿಯ ಪ್ಲಗ್ಗು ಒದ್ದೆಯಾಗಲು ಮಳೆಯೂ ಬೇಕಿಲ್ಲ. ಗಾಳಿಯ ತೇವ ಸುಮಾರು ನೂರಕ್ಕೆ 75 ದಾಟಿದರೆ ಅಡುಗೆ ಉಪ್ಪು ತಾನೇ ನೀರೆಳೆದು ಕರಗುತ್ತದೆ. ರಾತ್ರಿ ಹೊರಗೆ ನಿಂತ ಟ್ರೇಲರಿನ ಸಾಕೆಟ್ಟು ಬೆಳಗಿನ ಹೊತ್ತಿಗೆ ಒದ್ದೆಯಾಗಿರುತ್ತದೆ. ಆ ಉಪ್ಪುನೀರಿನಲ್ಲಿ ಕರೆಂಟು ಪಿನ್ನಿನಿಂದ ಪಿನ್ನಿಗೆ ಸೋರಿದರೆ, ಪಾಸಿಟಿವ್ ಕಡೆಯ ತಾಮ್ರ ಕರಗಿ ಹೋಗುತ್ತದೆ.

ಕೋಳಿ ಸಾಕಣೆಗೆ ಹೆಸರಾದ ಪಲ್ಲಡಂ ಭಾಗದಲ್ಲಿ ಇನ್ನೊಂದು ಶತ್ರು ಇದೆ. ಕೋಳಿಗೊಬ್ಬರದಿಂದ ಏಳುವ ಅಮೋನಿಯ ಹಿತ್ತಾಳೆಯನ್ನು ಬಿರಿಸಬಲ್ಲದು. ಇದು ಮೊದಲು ಅರಿವಿಗೆ ಬಂದದ್ದೂ ಭಾರತದಲ್ಲೇ. ಬ್ರಿಟಿಷ್ ಸೇನೆ ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟ ಹಿತ್ತಾಳೆಯ ತೋಟಾಗಳು ಬಿರುಕು ಬಿಡುತ್ತಿದ್ದವು. ಕುದುರೆ ಗಂಜಲದ ಅಮೋನಿಯ, ಗಾಳಿಯ ತೇವ, ಲೋಹದಲ್ಲೇ ಉಳಿದಿದ್ದ ಬಿಗಿತ ಮೂರೂ ಕೂಡಿ ಹೀಗಾಗುತ್ತದೆಂದು 1921ರಲ್ಲಿ ಮೂರ್ ಮತ್ತು ಬೆಕಿನ್‌ಸೇಲ್ ಮೊದಲಾದ ಸಂಶೋಧಕರು ತೋರಿಸಿಕೊಟ್ಟರು.

ಮದ್ದು ಅಡುಗೆಮನೆಗೆ ಹೊಸದಲ್ಲ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸಿದಂತೆ ಒಳ್ಳೆಯ ಪಿನ್ನಿಗೂ, ದೋಣಿಗಳಲ್ಲಿ ಬಳಸುವ ತಾಮ್ರದ ತಂತಿಯ ಎಳೆಎಳೆಗೂ ತವರದ ಲೇಪ ಇರುತ್ತದೆ. ಮೇಲೆ ಗ್ರೀಸು. ಕೊಯಮತ್ತೂರಿನಲ್ಲಿ ತಲೆಮಾರುಗಳಿಂದ ನೆಲೆಸಿ ಮನೆಯಲ್ಲಿ ಕನ್ನಡವಾಡುವ ದೇವಾಂಗ ನೇಕಾರರಿಗೆ ಇಲ್ಲೊಂದು ಸೊಗಸು ಹೊಳೆದೀತು: ಕನ್ನಡದ ಕಿಲುಬಿಗೆ ತಮಿಳಿನಲ್ಲಿ ಕಳಿಂಬು ಎನ್ನುತ್ತಾರೆ, ಮುಲಾಮಿಗೂ ಅದೇ ಹೆಸರು. ಸಿಲಿಕೋನ್ ಗ್ರೀಸು ವಿದ್ಯುತ್ತನ್ನು ಒಯ್ಯುವುದಿಲ್ಲ, ಹಾಗಿದ್ದರೂ ಅದನ್ನು ಪಿನ್ನಿಗೆ ಹಚ್ಚುವುದು ಸರಿ. ಪ್ಲಗ್ಗು ಒತ್ತಿದಾಗ ಲೋಹದ ದಿಬ್ಬಗಳು ಗ್ರೀಸನ್ನು ಬದಿಗೆ ಸರಿಸಿ ಒಂದನ್ನೊಂದು ಮುಟ್ಟುತ್ತವೆ, ಉಳಿದ ಸಂದನ್ನೆಲ್ಲ ಗ್ರೀಸು ತುಂಬಿ ನೀರು ಗಾಳಿಗಳನ್ನು ತಡೆಯುತ್ತದೆ. ಆದರೆ ಕಿಲುಬನ್ನು ಕೆರೆದು, ಒಣಗಿಸಿದ ಮೇಲೆಯೇ ಹಚ್ಚಬೇಕು. ಹುಣಸೆಹುಳಿ ಇಲ್ಲಿ ಬೇಡ, ಸಂದಿನಲ್ಲಿ ಉಳಿದ ಹುಳಿ ಮತ್ತೆ ಲೋಹವನ್ನೇ ತಿನ್ನುತ್ತದೆ.

ತಂತಿಗಳನ್ನು ಹೊಸೆದು ಟೇಪು ಸುತ್ತುವ ರೂಢಿ ಬಿಡುವುದು ಒಳ್ಳೆಯದು. ದೀಪದ ಬತ್ತಿ ಎಣ್ಣೆ ಹೀರುವಂತೆ ಎಳೆಗಳ ನಡುವೆ ನೀರು ಏರಿ, ಹೊರಗೆ ಕಾಣದಂತೆ ತಾಮ್ರವನ್ನು ಬಲುದೂರ ಕಪ್ಪಾಗಿಸುತ್ತದೆ. ಹೊಳೆಯುವ ತಾಮ್ರ ಸಿಗುವವರೆಗೂ ತಂತಿ ಕತ್ತರಿಸಿ, ಜೋಡಿಸಿದ ಜಾಗಕ್ಕೆ ಒಳಗೆ ಅಂಟು ಇರುವ ಕೊಳವೆಯನ್ನು ತೊಡಿಸಿ ಬಿಸಿ ಮಾಡಿದರೆ ಅದು ಕುಗ್ಗಿ ಬಿಗಿಯಾಗಿ ಕೂರುತ್ತದೆ. ಟ್ರೇಲರ್ ಕಳಚಿದಾಗ ಪ್ಲಗ್ಗು ಮಣ್ಣಿನಲ್ಲಿ ಬೀಳದಂತೆ, ಬಾಯಿ ಕೆಳಗಾಗಿ ತೂಗುಹಾಕಲು ಚೌಕಟ್ಟಿಗೊಂದು ಕೊಕ್ಕೆ ಬೆಸೆಸಿದರೆ ಸಾಕು.